ಒಂದು ಶಬ್ದದ ವಂಶಾವಳಿ

ಸಪ್ತಭಾಷಾ ಸಂಗಮಭೂಮಿಯೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಕಾಸರಗೋಡಿನ ಸಂತೆಯಲ್ಲಿ ಐದು ತೆಂಗಿನಕಾಯಿ ಕೇಳುವವನು ಕನ್ನಡಿಗನಾದರೆ ‘ಐದು’ ಎನ್ನುತ್ತಾನೆ. ತುಳುವನಾದರೆ ‘ಐನ್’, ಮಲೆಯಾಳಿಯಾದರೆ ‘ಅಂಜ್’, ಕೊಂಕಣಿಗನಾದರೆ ‘ಪಾಂಚ್’, ಮರಾಠಿಗನಾದರೆ ‘ಪಾಚ್’. ಕಿವಿಯನ್ನಷ್ಟೇ ನಂಬಿ ತೀರ್ಪು ಕೊಡುವುದಾದರೆ ಅಂಜ್ ಮತ್ತು ಪಾಂಚ್ ಒಡಹುಟ್ಟಿದವುಗಳಂತೆಯೂ ಐದು ಮತ್ತು ಅಂಜ್ ಪರಸ್ಪರ ಅಪರಿಚಿತವಾದವುಗಳಂತೆಯೂ ತೋರುತ್ತವೆ. ವಸ್ತುಸ್ಥಿತಿ ಇದಕ್ಕೆ ನೇರ ವಿರುದ್ಧವಾಗಿದೆ. ಐದು, ಐನ್, ಅಂಜ್ ಈ ಮೂರೂ ಒಂದೇ ದ್ರಾವಿಡ ಮನೆಯ ಮಕ್ಕಳು. ತಮಿಳಿನವರು ಬರೆಯುವಾಗ ‘ಐಂದು’ ಎಂದು ಬರೆದು ಆಡುವಾಗ ‘ಅಂಜು’ ಎನ್ನುವುದನ್ನು ಗಮನಿಸಿದರೆ ನಡುವಣ ಕೊಂಡಿ ಕೈಗೆ ಸಿಗುತ್ತದೆ. ಪಾಂಚ್, ಪಾಚ್ ಎಂಬಿವು ಸಂಸ್ಕೃತದ ‘ಪಂಚ’ದ ವಂಶದವು. ಅಂಜ್ ಮತ್ತು ಪಾಂಚ್‌ಗಳ ಹೋಲಿಕೆ ಬರಿಯ ಆಕಸ್ಮಿಕ.

ಈ ಸಂಚಿಕೆಯಲ್ಲಿ ನಮ್ಮ ನೆಲದ ಶಾಸನ, ದೇವಾಲಯ, ಕೋಟೆಗಳ ಕುರಿತು ಬರೆಯಬಲ್ಲವರು ಹಲವರಿದ್ದಾರೆ. ಆದುದರಿಂದ ನಾವು ತುಸು ದೂರ ಸಾಗಿ, ಶಾಸನಗಳೇ ಇಲ್ಲದ ಜನಾಂಗಗಳ ಪೂರ್ವಚರಿತ್ರೆಯನ್ನು ಒಂದು ಶಬ್ದದ ಬಲದಿಂದ ಹೇಗೆ ಕಟ್ಟಲಾಯಿತೆಂಬುದನ್ನು ನಿರೂಪಿಸಬಯಸುತ್ತೇವೆ. ಆ ಶಬ್ದದ ಅರ್ಥವೂ ಐದು ಎಂದೇ. ಅದು ‘ಲಿಮ’.

ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರಿನಿಂದ ದಕ್ಷಿಣ ಅಮೆರಿಕದ ಕಡೆಗೆ ಏಕಾಕಿಯಾಗಿ ನಿಂತಿರುವ ಈಸ್ಟರ್ ದ್ವೀಪದವರೆಗೆ, ಉತ್ತರದ ತೈವಾನ್ ಮತ್ತು ಹವಾಯಿಗಳಿಂದ ದಕ್ಷಿಣದ ನ್ಯೂಜಿಲೆಂಡಿನವರೆಗೆ ಹರಡಿರುವ ಸುಮಾರು 1200 ಭಾಷೆಗಳು ಒಂದೇ ಕುಟುಂಬಕ್ಕೆ ಸೇರಿದವು. ವಿದ್ವಾಂಸರು ಇದನ್ನು ಆಸ್ಟ್ರೋನೇಷಿಯನ್ ಕುಟುಂಬವೆಂದು ಕರೆಯುತ್ತಾರೆ. ದಕ್ಷಿಣದ ದ್ವೀಪಗಳವು ಎಂದು ಆ ಮಾತಿನ ಅರ್ಥ. ಪಶ್ಚಿಮದ ತುದಿಯಿಂದ ಪೂರ್ವದ ತುದಿಗೆ ರೇಖಾಂಶಗಳನ್ನು ಎಣಿಸಿದರೆ ಭೂಗೋಲದ ಅರ್ಧಕ್ಕಿಂತಲೂ ಹೆಚ್ಚಾಗುತ್ತದೆ. ಯುರೋಪಿನವರು ಹಡಗು ಕಟ್ಟಿಕೊಂಡು ಲೋಕಸಂಚಾರಕ್ಕೆ ಹೊರಡುವ ಮುನ್ನ ಇಷ್ಟು ವಿಸ್ತಾರವಾಗಿ ಹಬ್ಬಿದ್ದ ಭಾಷಾಕುಟುಂಬ ಮತ್ತೊಂದಿರಲಿಲ್ಲ.

ಆದರೆ ಈ ಜನರಲ್ಲಿ ಬಹುಪಾಲಿನವರಿಗೆ ಲಿಪಿಯಿರಲಿಲ್ಲ. ಮಲಯ ಭಾಷೆಯ ಅತ್ಯಂತ ಹಳೆಯ ಕಾಲೋಲ್ಲೇಖವುಳ್ಳ ಶಾಸನ ಸುಮಾತ್ರದ ಪಾಲೆಂಬಾಂಗಿನ ಬಳಿ ದೊರೆತ ಕೆಡುಕಾನ್ ಬುಕಿತ್ ಶಾಸನ. ಅದರ ಕಾಲ ಶಕವರ್ಷ 604, ಅಂದರೆ ಕ್ರಿ.ಶ. 682. ನಮ್ಮ ಶಾಸನಗಳ ಶಕವರ್ಷವೇ ಅಲ್ಲಿಯೂ ಇದೆ, ಲಿಪಿಯೂ ದಕ್ಷಿಣ ಭಾರತದ ಪಲ್ಲವ ಲಿಪಿಯ ಸಂತತಿ. ಶ್ರೀವಿಜಯದ ದೊರೆಯೊಡನೆ ಕಾಲುನಡಿಗೆಯಲ್ಲಿ ಹೊರಟವರ ಸಂಖ್ಯೆ 1312 ಎಂದು ಆ ಶಾಸನ ಅಚ್ಚ ಮಲಯದ ಸಂಖ್ಯಾವಾಚಕಗಳಲ್ಲಿ ಹೇಳುತ್ತದೆ. ಅಲ್ಲಿ ಮೂರಕ್ಕೆ ‘ತ್ಲು’ ಎಂದಿದೆ. ಇಂದಿನ ಮಲಯದಲ್ಲಿ ಮೂರು ‘ತಿಗ’. ಜಾವಾ ಭಾಷೆಯಲ್ಲಿ ಇಂದಿಗೂ ‘ತೆಲು’ ಉಳಿದಿದೆ. ಎಣಿಕೆಯ ಶಬ್ದ ಅಲುಗದ ಬಂಡೆಯೆಂದು ನಾವು ಭಾವಿಸುತ್ತೇವೆ. ಅದೂ ಅಲುಗುತ್ತದೆ ಎನ್ನುವುದಕ್ಕೆ ಕಲ್ಲಿನಲ್ಲೇ ಸಾಕ್ಷಿಯಿದೆ. ಇದಕ್ಕಿಂತ ಹಿಂದಿನ ಸಾವಿರಾರು ವರ್ಷಗಳ ವೃತ್ತಾಂತಕ್ಕೆ ಬರೆಹದ ಆಧಾರವಿಲ್ಲ. ನೆಲದಲ್ಲಿ ಹುದುಗಿದ ಮಡಕೆಯ ಚೂರುಗಳು ಮತ್ತು ಜನರ ಬಾಯಲ್ಲಿ ಉಳಿದ ಶಬ್ದಗಳು, ಇವೆರಡನ್ನೇ ನಂಬಬೇಕು.

ಪಶ್ಚಿಮದಿಂದ ಪೂರ್ವಕ್ಕೆ ಐದರ ಹೆಸರನ್ನು ಕೇಳುತ್ತ ಹೋಗೋಣ. ಮಡಗಾಸ್ಕರಿನ ಮಲಗಾಸಿಯಲ್ಲಿ ‘ದಿಮಿ’. ಸುಮಾತ್ರದ ತೋಬ ಬತಕ್ ಜನರಲ್ಲಿ, ಮಲಯದಲ್ಲಿ, ಜಾವಾದಲ್ಲಿ, ಫಿಲಿಪ್ಪೀನ್ಸಿನ ತಗಲೊಗಿನಲ್ಲಿ ‘ಲಿಮ’. ತೈವಾನಿನ ಬೆಟ್ಟಗಾಡಿನ ಪೈವಾನರಲ್ಲಿಯೂ ‘ಲಿಮ’. ಪಪುವಾ ನ್ಯೂಗಿನಿಯ ಕರಾವಳಿಯ ಮೋಟು ಭಾಷೆಯಲ್ಲಿ ಮೊದಲ ವ್ಯಂಜನ ಉದುರಿಹೋಗಿ ‘ಇಮ’. ಫಿಜಿಯಲ್ಲಿ ಮತ್ತೆ ‘ಲಿಮ’, ತೊಂಗದಲ್ಲಿ ‘ನಿಮ’, ಸಮೋವದಲ್ಲಿ ‘ಲಿಮ’, ನ್ಯೂಜಿಲೆಂಡಿನ ಮಾವೊರಿಯಲ್ಲಿಯೂ ಈಸ್ಟರ್ ದ್ವೀಪದಲ್ಲಿಯೂ ‘ರಿಮ’, ಹವಾಯಿಯಲ್ಲಿ ‘ಲಿಮ’. ಇವುಗಳಲ್ಲಿ ಪೈವಾನ್, ಮೋಟು, ತೊಂಗ, ಸಮೋವ, ಈಸ್ಟರ್ ದ್ವೀಪ, ಹವಾಯಿಗಳ ಭಾಷೆಯಲ್ಲಿ ಅದೇ ಶಬ್ದಕ್ಕೆ ‘ಕೈ’ ಎಂಬ ಅರ್ಥವೂ ಉಂಟು. ಒಂದು ಕೈಗೆ ಐದು ಬೆರಳು. ಬೆರಳು ಮಡಿಸಿ ಎಣಿಸುವ ಮನುಷ್ಯನಿಗೆ ಕೈಯೆಂದರೂ ಐದೆಂದರೂ ಒಂದೇ ಆಗಿದ್ದಿತು.

ಹೋಲಿಕೆ ಕಂಡಮಾತ್ರಕ್ಕೆ ನೆಂಟಸ್ತಿಕೆ ಸಿದ್ಧಿಸುವುದಿಲ್ಲವೆಂಬುದನ್ನು ನಾವು ಮೊದಲಿಗೇ ಸಂತೆಯ ನಿದರ್ಶನದಿಂದ ಹೇಳಿದೆವು. ಪೆರು ದೇಶದ ರಾಜಧಾನಿಯ ಹೆಸರು ಲಿಮಾ. ಅದು ಅಲ್ಲಿಯ ರಿಮಾಕ್ ನದಿಯ ಹೆಸರಿನಿಂದ ಬಂದುದು, ಐದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಲಯದಲ್ಲಿ ಕಣ್ಣಿಗೆ ‘ಮತ’ ಎಂದೂ ಇಂದಿನ ಗ್ರೀಕಿನಲ್ಲಿ ‘ಮಾತಿ’ ಎಂದೂ ಹೇಳುತ್ತಾರೆ. ಅದೂ ಕಾಕತಾಳೀಯವೇ. ಹಾಗಾದರೆ ನಿಜವಾದ ನೆಂಟಸ್ತಿಕೆಯ ಗುರುತು ಯಾವುದು? ನೆಂಟ ಶಬ್ದಗಳು ಒಂದೇ ಬಗೆಯಾಗಿ ಕೇಳಿಸಬೇಕಾಗಿಲ್ಲ. ಅವುಗಳ ನಡುವಣ ವ್ಯತ್ಯಾಸವು ಕ್ರಮಬದ್ಧವಾಗಿರಬೇಕು, ಅಷ್ಟೆ.

ಇದನ್ನು ಅರಿಯಲು ಕನ್ನಡಿಗರಿಗೆ ಕಷ್ಟವಾಗಬಾರದು. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗುವುದನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದವರೇ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ನೆರೆಮನೆಯ ಮಲೆಯಾಳಿಯ ಬಾಯಲ್ಲಿ ಪಾಲ್ ಮತ್ತು ಪುಲಿ, ತುಳುವರ ಬಾಯಲ್ಲಿ ಪಿಲಿ ಮತ್ತು ಪೂ ಹಾಗೆಯೇ ಉಳಿದವು. ಒಂದು ಶಬ್ದದಲ್ಲಿ ಮಾತ್ರ ಹೀಗಾಗಿದ್ದರೆ ಅದನ್ನು ಯಾರೂ ಲೆಕ್ಕಕ್ಕೆ ತರುತ್ತಿರಲಿಲ್ಲ. ನೂರಾರು ಶಬ್ದಗಳಲ್ಲಿ ಆಗಿರುವುದರಿಂದಲೇ ಅದು ನಿಯಮವೆನಿಸಿತು. ದ್ವೀಪಗಳ ಭಾಷೆಗಳಲ್ಲಿಯೂ ನಡೆದುದು ಇದೇ. ಏಳಕ್ಕೆ ಜಾವಾದಲ್ಲಿ ‘ಪಿತು’, ತಗಲೊಗಿನಲ್ಲಿ ‘ಪಿತೊ’. ಅದು ಮಲಗಾಸಿಯಲ್ಲಿಯೂ ಸಮೋವದಲ್ಲಿಯೂ ‘ಫಿತು’. ಈ ಫಕಾರವನ್ನು ಇಂಗ್ಲಿಷಿನ ಫ್ಯಾನು, ಫೀಸುಗಳಲ್ಲಿರುವಂತೆ ತುಟಿ ಹಲ್ಲುಗಳ ನಡುವೆ ಉಚ್ಚರಿಸಬೇಕು. ತಾಹಿತಿಗೆ ಬಂದರೆ ‘ಹಿತು’. ಹವಾಯಿಯಲ್ಲಿ ತಕಾರವೂ ಕಕಾರವಾಗಿ ‘ಹಿಕು’. ಪಂಪನ ಕಾಲದ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ನಡುವೆ ಆದ ಪಲ್ಲಟವೇ, ಯಾವ ಸಂಪರ್ಕವೂ ಇಲ್ಲದ ಪೆಸಿಫಿಕ್ ಸಾಗರದಲ್ಲಿ ತಾನೇ ತಾನಾಗಿ ನಡೆದಿರುವುದು ನಮಗೆ ಇಂದಿಗೂ ಬೆರಗನ್ನುಂಟುಮಾಡುವ ಸಂಗತಿ.

ಇನ್ನು ಮಲಗಾಸಿಯ ‘ದಿಮಿ’. ಲಕಾರವಿದ್ದಲ್ಲಿ ದಕಾರವೇಕೆ ಬಂದಿತು? ‘ತೆಲು’, ‘ವಲು’ಗಳಂತಹ ಹಳೆಯ ರೂಪಗಳಲ್ಲಿದ್ದ ಲಕಾರವು ಮಲಗಾಸಿಯ ಮೂರು ಮತ್ತು ಎಂಟರಲ್ಲಿ ಲಕಾರವಾಗಿಯೇ ಇದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಉತ್ತರವು ಲಕಾರದ ಮುಂದಿರುವ ಸ್ವರದಲ್ಲಿದೆ. ಇಕಾರ ಮುಂದಿದ್ದರೆ ಮಾತ್ರ ಲಕಾರವು ದಕಾರವಾಗುತ್ತದೆ. ಚರ್ಮಕ್ಕೆ ಮಲಯದಲ್ಲಿ ‘ಕುಲಿತ್’, ಮಲಗಾಸಿಯಲ್ಲಿ ‘ಹುದಿತ್ರ’. ಕೊಳ್ಳುವುದಕ್ಕೆ ಮಲಯದಲ್ಲಿ ‘ಬೆಲಿ’, ಮಲಗಾಸಿಯಲ್ಲಿ ‘ವಿದಿ’. ಹೀಗೆ ಅಪವಾದದಂತೆ ಕಂಡದ್ದೇ ನಿಯಮವನ್ನು ಗಟ್ಟಿಗೊಳಿಸಿತು. ‘ಲಿಮ’ವೆಂದೇ ಉಚ್ಚರಿಸುವ ನಾಡುಗಳಿಗಿಂತ ‘ದಿಮಿ’ ಎನ್ನುವ ಈ ದೂರದ ದ್ವೀಪವೇ ನೆಂಟಸ್ತಿಕೆಗೆ ಬಲವಾದ ಸಾಕ್ಷಿಯೆಂದು ನಮ್ಮ ಅಭಿಪ್ರಾಯ. ಒಂದೇ ರೂಪದ ಶಬ್ದವನ್ನು ವ್ಯಾಪಾರಿಗಳಿಂದ ಎರವಲು ಪಡೆಯಬಹುದು. ನಿಯಮಬದ್ಧವಾದ ವ್ಯತ್ಯಾಸವನ್ನು ಎರವಲು ಪಡೆಯಲು ಬರುವುದಿಲ್ಲ.

ಈ ಸಂಬಂಧವನ್ನು ಕಂಡುಕೊಂಡವರ ಕಥೆಯೂ ಸ್ವಾರಸ್ಯವಾಗಿದೆ. ಫ್ರೆಡರಿಕ್ ಡಿ ಹೌಟ್ಮನ್ ಎಂಬ ಡಚ್ ನಾವಿಕನು ಸುಮಾತ್ರದ ಆಚೆ ಸುಲ್ತಾನನ ಸೆರೆಯಲ್ಲಿದ್ದಾಗ ಮಲಯ ಭಾಷೆಯನ್ನು ಕಲಿತು, ಬಿಡುಗಡೆಯಾದ ಮೇಲೆ 1603ರಲ್ಲಿ ಮಲಯ ಮತ್ತು ಮಡಗಾಸ್ಕರ್ ಭಾಷೆಗಳೆರಡರ ಶಬ್ದಕೋಶವನ್ನು ಒಂದೇ ಪುಸ್ತಕದಲ್ಲಿ ಅಚ್ಚು ಹಾಕಿಸಿದನು. ಸೆರೆವಾಸವನ್ನು ಇದಕ್ಕಿಂತ ಚೆನ್ನಾಗಿ ಕಳೆದವರು ವಿರಳ. 1769ರಲ್ಲಿ ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗನ್ನು ತಾಹಿತಿಯಲ್ಲಿ ಏರಿದ ತುಪಾಯಿಯ ಎಂಬ ರಾಯಿಯತೆಯ ದ್ವೀಪದ ಪುರೋಹಿತನು, ಸುಮಾರು 4000 ಕಿಲೋಮೀಟರಿನಾಚೆಯ ನ್ಯೂಜಿಲೆಂಡಿನಲ್ಲಿ ಇಳಿದು ಅಲ್ಲಿಯ ಮಾವೊರಿಗಳೊಡನೆ ತನ್ನ ಭಾಷೆಯಲ್ಲಿಯೇ ಸಂಭಾಷಿಸಿದಾಗ ಹಡಗಿನವರು ಚಕಿತರಾದರು. ಅದೇ ಹಡಗಿನಲ್ಲಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ತನ್ನ ದಿನಚರಿಯಲ್ಲಿ ಈ ದ್ವೀಪಗಳ, ಜಾವಾದ ಮತ್ತು ಮಡಗಾಸ್ಕರಿನ ಎಣಿಕೆಯ ಶಬ್ದಗಳನ್ನು ಅಕ್ಕಪಕ್ಕದಲ್ಲಿ ಬರೆದಿಟ್ಟನು. ತಾಹಿತಿಯ ಐದಕ್ಕೆ ಅವನು ಬರೆದುಕೊಂಡ ಶಬ್ದ ‘ರೆಮ’. ವಾಚಕರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸಕ್ತಿಯಿದೆ.

ಜರ್ಮನಿಯ ಆಟೊ ಡೆಂಪ್‌ವೋಲ್ಫ್ ವೃತ್ತಿಯಿಂದ ವೈದ್ಯ. ನ್ಯೂಗಿನಿಯ ವಸಾಹತಿನಲ್ಲಿ ಮಲೇರಿಯಾದ ಚಿಕಿತ್ಸೆಗೆಂದು ಹೋದವನು ಅಲ್ಲಿಯ ಭಾಷೆಗಳ ಮೋಹಕ್ಕೆ ಬಿದ್ದು ಕೊನೆಗೆ ಹ್ಯಾಂಬರ್ಗಿನಲ್ಲಿ ಭಾಷಾಶಾಸ್ತ್ರದ ಅಧ್ಯಾಪಕನಾದನು. 1934ರಿಂದ 1938ರೊಳಗೆ ಪ್ರಕಟವಾದ ಅವನ ಮೂರು ಸಂಪುಟಗಳು ತಗಲೊಗ್, ತೋಬ ಬತಕ್, ಜಾವಾ ಭಾಷೆಗಳನ್ನು ತಳಹದಿಯಾಗಿಟ್ಟುಕೊಂಡು ಎರಡು ಸಾವಿರಕ್ಕೂ ಹೆಚ್ಚು ಮೂಲಶಬ್ದಗಳನ್ನು ಪುನಾರಚಿಸಿದವು. ಇಂತಹ ಶಬ್ದದ ಹಿಂದೆ ಒಂದು ನಕ್ಷತ್ರಚಿಹ್ನೆಯನ್ನು ಹಾಕುವುದು ಶಾಸ್ತ್ರದ ಸಂಪ್ರದಾಯ. ಯಾರೂ ಬರೆದಿಟ್ಟಿಲ್ಲ, ಯಾರೂ ಕೇಳಿಲ್ಲ, ಆದರೆ ಹೀಗೆಯೇ ಇದ್ದಿರಬೇಕು ಎಂಬುದಕ್ಕೆ ಆ ನಕ್ಷತ್ರ ಸಂಕೇತ. ‘ಲಿಮ’ಕ್ಕೂ ಆ ನಕ್ಷತ್ರ ದೊರೆಯಿತು.

ಮಡಗಾಸ್ಕರಿನವರ ತವರು ಯಾವುದೆಂಬ ಪ್ರಶ್ನೆಗೆ 1951ರಲ್ಲಿ ಆಟೊ ಕ್ರಿಶ್ಚಿಯನ್ ದಾಲ್ ಎಂಬ ನಾರ್ವೆಯ ಮಿಷನರಿ ವಿದ್ವಾಂಸನು ಉತ್ತರವಿತ್ತನು. ಆಗ್ನೇಯ ಬೋರ್ನಿಯೋದ ಬರಿತೊ ನದಿಯ ಸೀಮೆಯಲ್ಲಿ ಮಾಅನ್ಯಾನ್ ಎಂಬ ಭಾಷೆಯಿದೆ. ಅಲ್ಲಿ ಐದಕ್ಕೆ ‘ದಿಮೆ’. ಒಳನಾಡಿನ ನದೀತೀರದ ಜನರ ನುಡಿಯು ಹಿಂದೂ ಮಹಾಸಾಗರದ ಆಚೆಯ ದಡಕ್ಕೆ ಮುಟ್ಟಿದ್ದು ಹೇಗೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಮಲಯ ನಾವಿಕರ ಹಡಗುಗಳಲ್ಲಿ ಅವರು ಹೋಗಿರಬೇಕೆಂದು ಹಲವರು ನಂಬುತ್ತಾರೆ. ಮಲಗಾಸಿಯಲ್ಲಿ ಉತ್ತರಕ್ಕೆ ‘ಅವರತ್ರ’ ಎನ್ನುತ್ತಾರೆ; ಅದು ಮಲಯದ ‘ಬರತ್’, ಅಂದರೆ ಪಶ್ಚಿಮ. ದಕ್ಷಿಣಕ್ಕೆ ‘ಅತ್ಸಿಮು’, ಅದು ಮಲಯದ ‘ತಿಮುರ್’, ಅಂದರೆ ಪೂರ್ವ. ನಾವಿಕನಿಗೆ ದಿಕ್ಕೆಂದರೆ ಗಾಳಿ. ಹೊಸ ನೆಲದಲ್ಲಿ ಅದೇ ಬಗೆಯ ಗಾಳಿ ಬೇರೆ ಕಡೆಯಿಂದ ಬೀಸಿತಾದ್ದರಿಂದ ದಿಕ್ಕಿನ ಹೆಸರೂ ಅತ್ತ ತಿರುಗಿತೆಂದು ವಿದ್ವಾಂಸರು ವಿವರಿಸುತ್ತಾರೆ.

ಇಡೀ ಕುಟುಂಬದ ತವರು ಯಾವುದು? ರಾಬರ್ಟ್ ಬ್ಲಸ್ಟ್ ಎಂಬ ವಿದ್ವಾಂಸನು 1999ರಲ್ಲಿ ಮಂಡಿಸಿದ ವರ್ಗೀಕರಣದ ಪ್ರಕಾರ ಈ ಕುಟುಂಬಕ್ಕೆ ಹತ್ತು ಮೂಲಶಾಖೆಗಳು. ಅವುಗಳಲ್ಲಿ ಒಂಬತ್ತು ತೈವಾನ್ ದ್ವೀಪವೊಂದರಲ್ಲಿಯೇ ಇವೆ. ಉಳಿದ ಒಂದೇ ಶಾಖೆ ಫಿಲಿಪ್ಪೀನ್ಸಿನಿಂದ ಮಡಗಾಸ್ಕರಿನವರೆಗೆ, ಹವಾಯಿಯವರೆಗೆ ಹಬ್ಬಿದೆ. ಬೇರುಗಳು ದಟ್ಟವಾಗಿರುವಲ್ಲಿಯೇ ಮರ ಹುಟ್ಟಿರಬೇಕೆಂಬುದು ಇಲ್ಲಿಯ ತರ್ಕ. ಸುಮಾರು 4000 ವರ್ಷಗಳ ಹಿಂದೆ ತೈವಾನಿನಿಂದ ಫಿಲಿಪ್ಪೀನ್ಸಿಗೆ, ಸುಮಾರು 3000 ವರ್ಷಗಳ ಹಿಂದೆ ತೊಂಗ, ಸಮೋವಗಳಿಗೆ, ಕೊನೆಗೆ ಕ್ರಿ.ಶ. 13ನೆಯ ಶತಮಾನದ ಸುಮಾರಿಗೆ ನ್ಯೂಜಿಲೆಂಡಿಗೆ ಈ ಜನ ತಲಪಿದರೆಂದು ಉತ್ಖನನಗಳೂ ಹೇಳುತ್ತವೆ. ಹೊಯ್ಸಳರು ಇಲ್ಲಿ ಗುಡಿಗಳನ್ನು ಕಟ್ಟಿಸುತ್ತಿದ್ದ ಕಾಲಕ್ಕೆ ಅಲ್ಲಿ ಜನವಸತಿಯಿಲ್ಲದ ನೆಲದ ಮೇಲೆ ಮೊದಲ ಬಾರಿಗೆ ‘ರಿಮ’ ಎಂಬ ಶಬ್ದ ಕೇಳಿಬಂದಿತು.

ಆದರೆ ತವರಿನಲ್ಲಿಯೇ ಎಲ್ಲರೂ ‘ಲಿಮ’ ಎನ್ನುವುದಿಲ್ಲ. ತೈವಾನಿನ ಪಜೆಹ್ ಭಾಷೆಯಲ್ಲಿ ಐದಕ್ಕೆ ‘ಖಸೆಪ್’ ಎಂಬ ಬೇರೆಯೇ ಶಬ್ದವಿದ್ದು, ಆರನ್ನು ಐದು-ಒಂದು, ಏಳನ್ನು ಐದು-ಎರಡು ಎಂಬಂತೆ ಕೂಡಿಸಿ ಹೇಳುತ್ತಿದ್ದರು. ‘ಹೇಳುತ್ತಿದ್ದರು’ ಎಂದೇ ಬರೆಯಬೇಕಾಗಿದೆ, ಏಕೆಂದರೆ ಆ ಭಾಷೆಯನ್ನು ನಿರರ್ಗಳವಾಗಿ ಆಡಬಲ್ಲ ಕೊನೆಯ ವೃದ್ಧೆ 2010ರಲ್ಲಿ ತೀರಿಕೊಂಡರು.

ಕೈ ಮತ್ತು ಐದು ಎಂಬ ಎರಡು ಅರ್ಥಗಳು ಎಲ್ಲೆಡೆಯೂ ಒಟ್ಟಿಗೆ ಉಳಿಯಲಿಲ್ಲ. ತಗಲೊಗಿನವರು ಐದಕ್ಕೆ ‘ಲಿಮ’ವನ್ನು ಇರಿಸಿಕೊಂಡು ಕೈಗೆ ‘ಕಮಯ್’ ಎಂದರು. ಮಲಯರು ‘ತಂಗನ್’ ಎಂದರು, ಮಲಗಾಸಿಯವರು ಅದನ್ನೇ ‘ತನನ’ ಎಂದರು. ಜಾವಾದ ಗೌರವದ ನುಡಿಯಲ್ಲಿ ಹಿರಿಯರ ಕೈಗೆ ‘ಅಸ್ತ’ ಎನ್ನಬೇಕು. ಅದು ನಮ್ಮ ‘ಹಸ್ತ’ವೇ. ಸಂಸ್ಕೃತವು ಕನ್ನಡಕ್ಕೆ ಬಂದಂತೆಯೇ ಅಲ್ಲಿಗೂ ಹೋಯಿತು, ಹಿರಿಯ ಸಂಖ್ಯೆಗಳನ್ನೂ ಕೊಟ್ಟಿತು. ಆದರೆ ದಾರಿಯಲ್ಲಿ ಬೆಲೆ ಇಳಿಯಿತು: ಮಲಯದ ‘ಲಕ್ಸ’ ಎಂದರೆ ಹತ್ತು ಸಾವಿರ, ಕೋಟಿಯಿಂದ ಬಂದ ‘ಕೆತಿ’ ಎಂದರೆ ಒಂದು ಲಕ್ಷ! ಸಹಸ್ರದಿಂದ ಸಾಸಿರವನ್ನೂ ಸಾವಿರವನ್ನೂ ಮಾಡಿಕೊಂಡ ನಾವು ಅದನ್ನು ನೋಡಿ ನಗುವಂತಿಲ್ಲ. ಒಂದರಿಂದ ನೂರರವರೆಗೆ ಸ್ವಂತ, ಅದರಿಂದಾಚೆಗೆ ಎರವಲು ಎಂಬುದು ನಮ್ಮದೇ ಲೆಕ್ಕ. 1945ರಲ್ಲಿ ಸುಕರ್ಣೊ ಇಂಡೊನೇಷ್ಯದ ಐದು ರಾಷ್ಟ್ರೀಯ ತತ್ತ್ವಗಳಿಗೆ ‘ಪಂಚಶೀಲ’ವೆಂಬ ಹೆಸರಿಟ್ಟರು. ರಾಷ್ಟ್ರದ ಘೋಷಣೆಗೆ ಸಂಸ್ಕೃತದ ಪಂಚ, ಬೀದಿಗೆ ಮಾತ್ರ ‘ಲಿಮ’: ಆ ದೇಶದ ಬೀದಿಬದಿಯ ವ್ಯಾಪಾರಿಗಳನ್ನು ಇಂದಿಗೂ ‘ಕಾಕಿ ಲಿಮ’, ಐದು ಅಡಿಯವರು, ಎನ್ನುತ್ತಾರೆ. ಮಲೇಷ್ಯ, ಸಿಂಗಪುರಗಳಲ್ಲಿ ಅಂಗಡಿಸಾಲಿನ ಮುಂದಿನ ಜಗಲಿಯೂ ‘ಕಾಕಿ ಲಿಮ’ವೇ, ರಾಫೆಲ್ಸ್ 1822ರಲ್ಲಿ ಸಿಂಗಪುರ ಪಟ್ಟಣದ ಯೋಜನೆಯಲ್ಲಿ ಕಡ್ಡಾಯಗೊಳಿಸಿದ ಜಗಲಿಗಳಿಂದ ಆ ಮಾತು ಹುಟ್ಟಿತು.

ಇಲ್ಲಿಯವರೆಗೆ ನಾವು ಉಳಿದ ಕಥೆಯನ್ನು ಹೇಳಿದೆವು. ಅಳಿದ ಕಥೆಯನ್ನೂ ಹೇಳಬೇಕಾಗಿದೆ, ಗಡಿಯಲ್ಲಿ ಕುಳಿತ ನಮಗೆ ಅದೇ ಹೆಚ್ಚು ಸಮೀಪದ್ದು.

ತಾಹಿತಿಯಲ್ಲಿ ‘ಪಿಇ’ ಎಂಬ ಕಟ್ಟಳೆಯಿತ್ತು. ಅರಸನ ಹೆಸರಿನಲ್ಲಿ ಬರುವ ಶಬ್ದವನ್ನು ಪ್ರಜೆಗಳು ಬಾಯಲ್ಲಿ ಆಡಕೂಡದು. ಗಂಡನ ಹೆಸರನ್ನು ಎತ್ತಬಾರದೆಂದು ಆ ಹೆಸರಿನ ವಸ್ತುವನ್ನೂ ಸುತ್ತುಬಳಸಿ ಹೇಳುತ್ತಿದ್ದ ನಮ್ಮ ಹಿಂದಿನ ತಲೆಮಾರಿನ ಗೃಹಿಣಿಯರನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಆದರೆ ಅಲ್ಲಿ ಅದು ಇಡೀ ನಾಡಿಗೆ ಅನ್ವಯಿಸುತ್ತಿತ್ತು. ದೊರೆಯು ‘ಪೋಮರೆ’ ಎಂಬ ಹೆಸರನ್ನು ಧರಿಸಿದಾಗ, ‘ಪೋ’ ಎಂದರೆ ರಾತ್ರಿಯಾದ್ದರಿಂದ, ರಾತ್ರಿಗೆ ‘ರುಇ’ ಎಂಬ ಬೇರೆ ಶಬ್ದವನ್ನು ರೂಢಿಗೆ ತಂದರು. ಐದಕ್ಕೂ ಇಂತಹುದೇ ಗತಿ ಬಂದಿತೆಂದು ವಿದ್ವಾಂಸರು ತಿಳಿಯುತ್ತಾರೆ. ಬ್ಯಾಂಕ್ಸ್ 1769ರಲ್ಲಿ ತನ್ನ ಕಿವಿಯಾರೆ ಕೇಳಿ ಬರೆದುಕೊಂಡ ‘ರೆಮ’ ಇಂದು ತಾಹಿತಿಯ ಎಣಿಕೆಯಲ್ಲಿಲ್ಲ. ಐದಕ್ಕೆ ಅಲ್ಲಿ ‘ಪಏ’ ಎನ್ನುತ್ತಾರೆ. ಕೈ ಎಂಬ ಅರ್ಥದಲ್ಲಿ ‘ರಿಮ’ ಉಳಿದಿದೆ, ಬೆರಳುಗಳ ಲೆಕ್ಕ ಮಾತ್ರ ಅದರಿಂದ ಕಳಚಿಹೋಗಿದೆ. ತೈವಾನಿನಿಂದ ಅಲ್ಲಿಯವರೆಗಿನ ಸಾಗರವು ಕೆಡಿಸಲಾರದ ಶಬ್ದವನ್ನು ಒಂದು ಅರಮನೆಯ ಮರ್ಯಾದೆ ಕೆಡಿಸಿತು.

ಗುವಾಮಿನಲ್ಲಿ ಆದುದು ಇನ್ನೂ ಪೂರ್ಣವಾದ ನಷ್ಟ. ಅಲ್ಲಿಯ ಚಮೋರೊ ಜನರಲ್ಲಿಯೂ ಐದಕ್ಕೆ ‘ಲಿಮ’ವೇ ಇತ್ತು, ಏಳಕ್ಕೆ ‘ಫಿತಿ’. 1668ರಲ್ಲಿ ಸ್ಪೇನಿನ ಮಿಷನ್ ನೆಲೆಯೂರಿತು. ಮುಂದಿನ ಪೀಳಿಗೆಗಳು ಮಾತನ್ನು ಬಿಡಲಿಲ್ಲ, ಎಣಿಕೆಯನ್ನು ಬಿಟ್ಟವು. ಇಂದು ಚಮೋರೊ ಆಡುವವನು ತನ್ನ ಭಾಷೆಯ ವಾಕ್ಯದ ನಡುವೆ ಐದಕ್ಕೆ ಸ್ಪ್ಯಾನಿಷಿನ ‘ಸಿಂಕೊ’ ಎನ್ನುತ್ತಾನೆ. ನಮ್ಮ ದ್ರಾವಿಡ ಕುಟುಂಬದಲ್ಲಿಯೇ, ಬಲೂಚಿಸ್ತಾನದ ಬ್ರಾಹುಈ ಜನರಲ್ಲಿ ಒಂದು, ಎರಡು, ಮೂರಷ್ಟೇ ಸ್ವಂತವಾಗಿ ಉಳಿದು, ನಾಲ್ಕರಿಂದ ಮುಂದಕ್ಕೆ ಎಲ್ಲವೂ ನೆರೆಯವರದಾಯಿತು. ಕನ್ನಡದಲ್ಲಿ ಸೊಗಸಾಗಿ ಮಾತನಾಡುವ ನಮ್ಮ ಮಕ್ಕಳು ದೂರವಾಣಿಯ ಸಂಖ್ಯೆಯನ್ನು ಯಾವ ಭಾಷೆಯಲ್ಲಿ ಹೇಳುತ್ತಾರೆಂಬುದನ್ನು ವಾಚಕರು ತಮ್ಮ ಮನೆಯಲ್ಲಿಯೇ ಕೇಳಿ ನೋಡಬಹುದು.

ಹವಾಯಿಯಲ್ಲಿ ಅರಸೊತ್ತಿಗೆಯನ್ನು 1893ರಲ್ಲಿ ಉರುಳಿಸಿದವರು 1896ರ ಕಾನೂನಿನಿಂದ ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನ ಮಾಧ್ಯಮವನ್ನಾಗಿ ಮಾಡಿದರು. ಎರಡು ಮೂರು ತಲೆಮಾರುಗಳಲ್ಲಿ ಆ ಭಾಷೆ ಮನೆಗಳಿಂದಲೂ ಮರೆಯಾಗತೊಡಗಿತು. 1978ರಲ್ಲಿ ರಾಜ್ಯದ ಸಂವಿಧಾನವು ಅದಕ್ಕೆ ಅಧಿಕೃತ ಸ್ಥಾನವನ್ನು ಮರಳಿಸಿತು, ಆದರೆ ಆಡುವ ಮಕ್ಕಳು ತೀರ ವಿರಳವಾಗಿದ್ದರು. ಕೆಲವು ತಂದೆತಾಯಿಗಳೂ ಅಧ್ಯಾಪಕರೂ ಸೇರಿ 1984ರಲ್ಲಿ ಕವಾಯಿ ದ್ವೀಪದ ಕೆಕಹ ಎಂಬಲ್ಲಿ ಮೊದಲ ಶಿಶುಶಾಲೆಯನ್ನು ತೆರೆದರು. ‘ಪೂನನ ಲೆಯೊ’ ಎಂದು ಅದರ ಹೆಸರು, ಮಾತಿನ ಗೂಡು ಎಂದು ಅರ್ಥ. ನ್ಯೂಜಿಲೆಂಡಿನ ಮಾವೊರಿಗಳು ಇದೇ ಅರ್ಥದ ಹೆಸರಿನ ಶಿಶುಶಾಲೆಗಳನ್ನು ಎರಡು ವರ್ಷಗಳ ಹಿಂದೆಯೇ ಆರಂಭಿಸಿದ್ದರು. ಆ ಗೂಡಿನೊಳಗೆ ಇಂಗ್ಲಿಷ್ ಸಲ್ಲದು; ಊಟ, ಆಟ, ಜಗಳ ಎಲ್ಲವೂ ಹವಾಯಿಯ ನುಡಿಯಲ್ಲಿಯೇ. ಮೂರು ನಾಲ್ಕು ವರ್ಷದ ಕೂಸುಗಳು ಅಲ್ಲಿ ‘ಎಕಹಿ, ಎಲುವ, ಎಕೊಲು, ಎಹಾ, ಎಲಿಮ’ ಎಂದು ಬೆರಳೊಂದೊಂದನ್ನೇ ಮಡಿಸಿ ಎಣಿಸುತ್ತವೆ. ಐದನೆಯ ಬೆರಳು ಮಡಿಚಿದಾಗ ಅವು ಹೇಳುವ ಶಬ್ದ, ಎಣಿಸಿದ ಕೈಯ ಹೆಸರೂ ಹೌದು.